ಕರೆಂಟ್ ಹೋದರೂ ಓಡಿದ ಫ್ಯಾನ್

ಕೊರೋನಾ ತಣ್ಣಗಾದ ಮರುವರ್ಷ. ಆಗ ನಾನು ಕಡಬದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಉತ್ಪಾದನಾ ಮ್ಯಾನೇಜರ್ ಆಗಿದ್ದೆ. ಲಾಕ್‌ಡೌನಿನಲ್ಲಿ ನಿಂತ ಎರಡನೇ ಪಾಳಿ ಮತ್ತೆ ಶುರುವಾಗಿರಲಿಲ್ಲ. ಆ ಪಾಳಿಯ ಹೆಂಗಸರು ಪೇಟೆಯಲ್ಲಿ ಸಿಕ್ಕಿದಾಗಲೆಲ್ಲ "ಯಾವಾಗ ಕರೀತೀರಿ ಮೇಡಂ?" ಎಂದು ಕೇಳುತ್ತಿದ್ದರು. ಒಂದು ದೊಡ್ಡ ಬಿಸ್ಕತ್ತು ಕಂಪನಿ ನಮ್ಮಿಂದ ವರ್ಷವಿಡೀ ಬೀಜ ಕೊಳ್ಳಲು ಒಪ್ಪಿದರೆ ಅವರನ್ನೆಲ್ಲ ಕರೆಯಬಹುದಿತ್ತು. ಕಂಪನಿಯದು ಒಂದೇ ಷರತ್ತು, ಬೋರ್ಮಾದ ಶಾಖದ ದಾಖಲೆ ಸರಿಯಾಗಿರಬೇಕು.

ಬೋರ್ಮಾ ಎಂದರೆ ಬಿಸಿಗಾಳಿಯ ಕೋಣೆ. ಒಡೆದು ತೆಗೆದ ಬೀಜವನ್ನು ತಟ್ಟೆಗಳಲ್ಲಿ ಹರವಿ ಅದರೊಳಗೆ ಒಣಗಿಸಿದರೆ ಮೇಲಿನ ತೆಳು ಸಿಪ್ಪೆ ಸಲೀಸಾಗಿ ಬಿಡುತ್ತದೆ. ಒಳಗಿನ ಫ್ಯಾನ್ ಬಿಸಿಯನ್ನು ಎಲ್ಲ ಕಡೆಗೂ ಹಂಚುತ್ತದೆ. ಫ್ಯಾನ್ ನಿಂತರೆ ಹೀಟರಿನ ಬದಿಯ ಬೀಜ ಕೆಂಪಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಆದ್ದರಿಂದ ಕರೆಂಟ್ ಹೋದ ತಕ್ಷಣ ಬಾಗಿಲು ತೆರೆದು ಬಿಸಿ ಹೊರಗೆ ಬಿಡಬೇಕು.

ಬೋರ್ಮಾ ನೋಡಿಕೊಳ್ಳುತ್ತಿದ್ದವರು ಗುತ್ತಿಗಾರಿನ ಕುಶಾಲಪ್ಪಣ್ಣ. ನಾನು ಆ ಕಾರ್ಖಾನೆಗೆ ಸೇರುವ ಮೊದಲೇ ಅಲ್ಲಿದ್ದವರು. ಬೀಜ ಕರಟಿದರೆ ಯಾರೂ ಕೇಳುವ ಮೊದಲೇ ನನ್ನ ಬಾಗಿಲಲ್ಲಿ ನಿಂತು, "ಮೇಡಂ, ಇವತ್ತು ನನ್ನಿಂದ ಸ್ವಲ್ಪ ಹಾಳಾಯ್ತು" ಎನ್ನುತ್ತಿದ್ದರು. ಬೈಸಿಕೊಂಡು ಹೋಗುತ್ತಿದ್ದರು. ಅವರ ಹೆಂಡತಿ ರೇವತಿಯೂ ಎರಡನೇ ಪಾಳಿಯವರೇ, ಮನೆಯಲ್ಲೇ ಕೂತಿದ್ದರು.

ಕುಶಾಲಪ್ಪಣ್ಣ ಶಾಖವನ್ನು ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನನಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಧಣಿಗಳನ್ನು ಒಪ್ಪಿಸಿ ಬೋರ್ಮಾದೊಳಗೆ ಸೆನ್ಸರ್ ಹಾಕಿಸಿದೆ, ಆಫೀಸಿನಲ್ಲಿ ಶಾಖ, ಬಾಗಿಲು, ಫ್ಯಾನ್ ಎಲ್ಲವನ್ನೂ ತೋರಿಸುವ ದೊಡ್ಡ ಸ್ಕ್ರೀನ್ ತೂಗಿಸಿದೆ. ಕರಿಹಲಗೆ ಗೋದಾಮಿಗೆ ಹೋಯಿತು. ಎಲ್ಲ ಮುಗಿಯುವ ಮೊದಲೇ ಪುತ್ತೂರಿನ ಒಂದು ಕಾಲೇಜಿಗೆ ಹೋಗಿ 'ನಮ್ಮ ಡಿಜಿಟಲ್ ಕಾರ್ಖಾನೆ' ಎಂದು ಭಾಷಣವನ್ನೂ ಬಿಗಿದು ಬಂದೆ. ಶಾಲು ಹೊದಿಸಿದ ಫೋಟೋ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ನನ್ನ ಜಂಬ ಕೇಳಬೇಕೆ!

ಸೆನ್ಸರ್ ಮಾತ್ರ ಕೈಕೊಟ್ಟಿತು. ಬೀಜದ ಸಿಪ್ಪೆಯ ಎಣ್ಣೆಹೊಗೆ ಅದಕ್ಕೆ ಅಂಟಿಕೊಂಡು, ಸ್ಕ್ರೀನಿನ ಅಂಕಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕುಣಿಯುತ್ತಿತ್ತು. ಸರಿಪಡಿಸಲು ಇನ್ನೆರಡು ವಾರ ಬೇಕೆಂದು ಅದನ್ನು ಹಾಕಿದ ಎಂಜಿನಿಯರ್ ಹೇಳಿದ. ಬಿಸ್ಕತ್ತು ಕಂಪನಿಯ ಗುಣಮಟ್ಟದ ಅಧಿಕಾರಿ ಬರುವುದು ಆ ವಾರವೇ. "ಸ್ವಲ್ಪ ತಡವಾಗಿ ಬನ್ನಿ" ಎಂದು ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಭಾಷಣ ಬಿಗಿದ ಬಾಯಿಗೆ ಅಷ್ಟು ಹೇಳಲು ಆಗಲಿಲ್ಲ. ಸಿಸ್ಟಮಿನಲ್ಲಿ 'ಡೆಮೋ ಮೋಡ್' ಎಂದು ಒಂದಿತ್ತು. ಸೆನ್ಸರ್ ಸರಿಯಿದ್ದ ಒಂದು ದಿನದ ಅಂಕಿಗಳನ್ನೇ ಆ ಕ್ಷಣ ನಡೆಯುತ್ತಿರುವಂತೆ ಅದು ತೋರಿಸುತ್ತದೆ. ಅದನ್ನೇ ಹಾಕಿಸಿದೆ.

ಬೆಳಿಗ್ಗೆ ಕುಶಾಲಪ್ಪಣ್ಣನನ್ನು ಕರೆದು, "ಯಾರು ಏನು ಕೇಳಿದ್ರೂ ಸ್ಕ್ರೀನಲ್ಲಿ ಇದ್ದ ಹಾಗೇ ಹೇಳಿ" ಎಂದೆ.

"ಅದು ಹಳೇದಲ್ವಾ ಮೇಡಂ?"

"ಇವತ್ತೊಂದು ದಿನ ಅಷ್ಟೆ ಮಾರಾಯ್ರೆ. ನಿಮ್ಮ ರೇವತಿಗೂ ಕೆಲಸ ಸಿಗುದು ಬೇಡ್ವಾ?"

ಅವರು ತಲೆ ತಗ್ಗಿಸಿ ಹೋದರು. ರೇವತಿಯ ಹೆಸರು ಎತ್ತಿದ್ದೆನಲ್ಲ, ಅದಕ್ಕೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ.

ಅಧಿಕಾರಿ ಮೈಸೂರಿನ ಕಡೆಯವರು, ಮೆಲುದನಿಯ ಮನುಷ್ಯ. ಸ್ಕ್ರೀನ್ ನೋಡಿ ಮೆಚ್ಚಿಕೊಂಡರು. ಶಾಖ ಎಪ್ಪತ್ತೆರಡು ಡಿಗ್ರಿ, ಬಾಗಿಲು ಮುಚ್ಚಿದೆ, ಫ್ಯಾನ್ ಓಡುತ್ತಿದೆ. ನಾನು ವಿವರಿಸುತ್ತಾ ಇದ್ದೇನೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಯಂತ್ರಗಳ ಸದ್ದು ಒಮ್ಮೆಗೇ ಅಡಗಿತು. ಸಿಪ್ಪೆ ತೆಗೆಯುವ ಕಡೆಯಿಂದ "ಅಯ್ಯೋ, ಹೋಯ್ತಲ್ಲ ಮಾರಾಯ್ತಿ!" ಎಂಬ ಕೂಗು ಸ್ಪಷ್ಟವಾಗಿ ಕೇಳಿಸಿತು. ಇನ್ವರ್ಟರ್ ಇದ್ದ ಸ್ಕ್ರೀನ್ ಮಾತ್ರ ಬೆಳಗುತ್ತಲೇ ಇತ್ತು. ಎಪ್ಪತ್ತೆರಡು ಡಿಗ್ರಿ, ಬಾಗಿಲು ಮುಚ್ಚಿದೆ, ಫ್ಯಾನ್ ಓಡುತ್ತಿದೆ.

ಅಧಿಕಾರಿ ಸ್ಕ್ರೀನನ್ನೇ ಸ್ವಲ್ಪ ಹೊತ್ತು ನೋಡಿದರು. ಎದ್ದು ನೇರ ಬೋರ್ಮಾದ ಕಡೆಗೆ ನಡೆದರು. ನಾನು ಹಿಂದೆ ಓಡಿದೆ. ಅಲ್ಲಿ ಕುಶಾಲಪ್ಪಣ್ಣ ಅಭ್ಯಾಸದಂತೆ ಬಾಗಿಲುಗಳನ್ನು ತೆರೆದು ನಿಂತಿದ್ದರು. ಬಿಸಿಗಾಳಿ ನಮ್ಮ ಮುಖಕ್ಕೆ ಹೊಡೆಯಿತು.

"ಯಜಮಾನ್ರೇ, ಈಗ ಫ್ಯಾನ್ ಓಡ್ತಾ ಇದೆಯಾ?"

ಕುಶಾಲಪ್ಪಣ್ಣ ನನ್ನ ಮುಖ ನೋಡಿದರು. ಸಿಪ್ಪೆ ತೆಗೆಯುವ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನನ್ನ ನಾಲಿಗೆ ಏಳಲಿಲ್ಲ.

"ಓಡ್ತಾ ಉಂಟು ಸಾರ್" ಎಂದರು ಅವರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕುಶಾಲಪ್ಪಣ್ಣನ ಮುಖ ಕಪ್ಪಿಟ್ಟಿತು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಆಫೀಸಿಗೆ ವಾಪಸು ಬಂದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಆದರೆ ಸಿಕ್ಕಿಬಿದ್ದ ಮೇಲೆ ಹೇಳುವ ಸತ್ಯಕ್ಕೆ ಏನು ಬೆಲೆ? ಅಧಿಕಾರಿ ರೇಗಲಿಲ್ಲ. "ಸೆನ್ಸರ್ ಎಲ್ಲ ಕಡೆಯೂ ಕೆಡುತ್ತೆ ಮೇಡಂ. ಮೊದಲು ಹೇಗೆ ಬರೀತಿದ್ರೋ ಅದನ್ನೇ ತೋರಿಸಿದ್ದರೆ ಒಪ್ಪಿಕೊಳ್ತಿದ್ದೆ. ಈಗ ಆ ಮನುಷ್ಯನ ಮಾತನ್ನೂ ನಂಬೋ ಹಾಗಿಲ್ಲ ಅಂತ ಬರೀಬೇಕಲ್ಲ" ಎಂದರು. "ತಪ್ಪು ನನ್ನದು, ಅವರ ಬಗ್ಗೆ ಬರೆಯಬೇಡಿ" ಎಂದು ಕೈ ಮುಗಿದೆ. ಅವರು ಬ್ಯಾಗ್ ಎತ್ತಿಕೊಂಡರು.

ಒಪ್ಪಂದ ಆಗಲಿಲ್ಲ. ಎರಡನೇ ಪಾಳಿ ಶುರುವಾಗಲಿಲ್ಲ. ರೇವತಿ ನಸುಕಿಗೇ ಎದ್ದು ರಬ್ಬರ್ ಟ್ಯಾಪಿಂಗಿಗೆ ಹೋಗತೊಡಗಿದರು. ಧಣಿಗಳು ನನಗೆ ನಾಲ್ಕು ಮಾತು ಬೈದು ಸುಮ್ಮನಾದರು. ಕಾರ್ಖಾನೆಯ ಹೆಂಗಸರು ಮಾತ್ರ ತಿಂಗಳುಗಟ್ಟಲೆ, ಕರೆಂಟ್ ಹೋದಾಗಲೆಲ್ಲ "ಕುಶಾಲಣ್ಣಾ, ಫ್ಯಾನ್ ಓಡ್ತಾ ಉಂಟಾ?" ಎಂದು ಕೂಗುತ್ತಿದ್ದರು. ತಮಾಷೆಗೇ ಇರಬಹುದು. ಕುಶಾಲಪ್ಪಣ್ಣ ನಗುತ್ತಿರಲಿಲ್ಲ.

ಅಧಿಕಾರಿ ಬಂದುಹೋದ ಮರುದಿನವೇ ನಾನು ಬೋರ್ಮಾದ ಹತ್ತಿರ ಹೋಗಿ, "ತಪ್ಪಾಯ್ತು ಕುಶಾಲಪ್ಪಣ್ಣ, ನಿಮ್ಮ ಬಾಯಿಂದ ಸುಳ್ಳು ಹೇಳಿಸಿದೆ" ಎಂದೆ. ಅವರು ತಟ್ಟೆ ಜೋಡಿಸುತ್ತಲೇ ಇದ್ದರು.

"ನೀವು ಬೇಡ ಹೇಳ್ತೀರಿ ಅಂತಲೇ ನಾನು ನಿಮ್ಮ ಮುಖ ನೋಡಿದ್ದು ಮೇಡಂ."

ಹೊಸ ಸೆನ್ಸರ್ ಬಂದು ಸ್ಕ್ರೀನ್ ಸರಿಯಾಯಿತು. ಅದು ಉಪಯೋಗದ ವಸ್ತುವೇ, ಸುಳ್ಳೇಕೆ ಹೇಳಲಿ. ಹಾಳಾಗುವ ಬೀಜ ಕಡಿಮೆಯಾಯಿತು. ಯಂತ್ರ ಕೆಟ್ಟಾಗ 'ಕೆಟ್ಟಿದೆ' ಎಂದು ಮೊದಲು ಹೇಳಬೇಕಾದವರು ಅದನ್ನು ತಂದು ಕೂರಿಸಿದವರೇ. ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಗೆ ಹೇಳಿದ್ದರೆ ನನ್ನ ಅವಮಾನ ಒಂದು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಕುಶಾಲಪ್ಪಣ್ಣ ಮತ್ತೆಂದೂ ನನ್ನ ಬಾಗಿಲಿಗೆ ಬರಲಿಲ್ಲ. ನಾನು ನಿವೃತ್ತಳಾಗುವವರೆಗೂ, ಬೋರ್ಮಾದ ಬದಿಯಲ್ಲಿ ನಿಂತು "ಇವತ್ತು ಬೀಜ ಹೇಗುಂಟು?" ಎಂದು ಕೇಳಿದಾಗಲೆಲ್ಲ, ಮುಖ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದರು:

"ಸ್ಕ್ರೀನಲ್ಲಿ ಉಂಟಲ್ಲ ಮೇಡಂ. ನೋಡಿ."