ಮೀನಿಗೆ ಅಮ್ಮ ಆದದ್ದು

ನಮ್ಮ ಮನೆಗೆ ಮೀನು ಬಂದದ್ದು ಡಾಕ್ಟರ ಮಾತಿನಿಂದ. ಇವರಿಗೆ ಬಿ.ಪಿ. ಏರಿದಾಗ ಡಾಕ್ಟರು, ದಿನಕ್ಕೆ ಸ್ವಲ್ಪ ಹೊತ್ತಾದರೂ ಫೋನು ಬದಿಗಿಟ್ಟು ಸುಮ್ಮನೆ ಕೂತುಕೊಳ್ಳಿ ಎಂದರಂತೆ. ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆಯ ವ್ಯಾಪಾರ ಮಾಡುವವರಿಗೆ ಸುಮ್ಮನೆ ಕೂರುವುದು ಹೇಗೆಂದೇ ಗೊತ್ತಿರುವುದಿಲ್ಲ. ಆ ದವಾಖಾನೆಯಲ್ಲಿ ರೋಗಿಗಳು ಕಾಯುವ ಜಾಗದಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಇವರು ಅದರ ಮುಂದೆ ಕೂತು, ತಮ್ಮ ಹೆಸರು ಕರೆದದ್ದೂ ಕೇಳಿಸದಷ್ಟು ಮೈಮರೆತಿದ್ದರು. ಮರುವಾರ ದೊಡ್ಡದೊಂದು ಗಾಜಿನ ತೊಟ್ಟಿ ಟೆಂಪೋದಲ್ಲಿ ಬಂದು ನಮ್ಮ ಹಜಾರದಲ್ಲಿ ಇಳಿಯಿತು.

ನಮ್ಮ ಅತ್ತೆ ಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಒಣಗುವ ಮೊದಲೇ ಹೊರಗೆ ಬಂದರು.

"ಲಿಂಗ ಕಟ್ಟಿದ ಮನೆಯಾಗೆ ಮೀನು ತರ್ತೀಯೇನೋ?"

"ತಿನ್ನಾಕಲ್ಲವ್ವ, ನೋಡಾಕೆ."

"ನೋಡಾಕೆ ನಾವು ಇಷ್ಟು ಜನ ಸಾಲಲ್ವಾ?"

ಅತ್ತೆ, ತಾವು ಅದರ ಕಡೆ ತಿರುಗಿಯೂ ನೋಡುವುದಿಲ್ಲವೆಂದು ಹೇಳಿ, ತಮ್ಮ ಕುರ್ಚಿಯನ್ನು ಬೀದಿಯ ಕಡೆಗೆ ಮುಖ ಮಾಡಿ ಹಾಕಿಸಿಕೊಂಡರು.

ಆದರೆ ನೋಡುವುದಕ್ಕೆ ಆಗ ಮೀನೇ ಇರಲಿಲ್ಲ. ಇವರು ಮೊಬೈಲಿನಲ್ಲಿ ಅದೇನೇನೋ ವಿಡಿಯೋ ನೋಡಿ ತಿಳಿದುಕೊಂಡಿದ್ದರು. ಹೊಸ ತೊಟ್ಟಿಗೆ ಮೀನನ್ನು ಒಮ್ಮೆಲೇ ಬಿಡಬಾರದಂತೆ. ಮೀನಿನ ಹೊಲಸೇ ಮೀನಿಗೆ ವಿಷ. ಅದನ್ನು ತಿಂದು ಕರಗಿಸುವ ಒಳ್ಳೆಯ ಕ್ರಿಮಿಗಳು ಮೊದಲು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಬೇಕು. ಅದಕ್ಕೆ ತಿಂಗಳಾದರೂ ಬೇಕು. ಹೀಗಾಗಿ ನಮ್ಮ ಹಜಾರದಲ್ಲಿ ದೀಪ ಉರಿಯುತ್ತಿತ್ತು, ಮೋಟಾರು ಗುಂಯ್ಗುಡುತ್ತಿತ್ತು, ಗುಳ್ಳೆಗಳು ಏಳುತ್ತಿದ್ದವು, ಒಳಗೆ ಬರೀ ನೀರು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಇದು ಸುದ್ದಿಯಾಗದೆ ಇರುತ್ತದೆಯೇ? ಅಕ್ಕಪಕ್ಕದವರು ಹಿಟ್ಟು ಕೇಳುವ ನೆಪದಲ್ಲಿ ಬಂದು ನೋಡಿ ಹೋದರು.

ಮೊಳಕಾಲ್ಮೂರಿನಿಂದ ನಮ್ಮಪ್ಪ, ಅಣ್ಣ, ಅತ್ತಿಗೆ ಬಂದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ತೊಟ್ಟಿಯನ್ನು ಒಂದು ಸುತ್ತು ಹಾಕಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ಲಿ ಅಡಗ್ಯಾವೆ ಅಳಿಯಂದ್ರೇ?"

"ಇನ್ನೂ ತಂದಿಲ್ಲ ಮಾವ. ನೀರು ತಯಾರಾಗ್ಬೇಕು."

ಅಪ್ಪ ಗಾಜಿಗೆ ಬೆರಳಿನಿಂದ ತಟ್ಟಿದರು. "ನಮ್ ಕಡೆ ಬೋರಿನಾಗೆ ಬಂತಂದ್ರೆ ಅದು ತಯಾರಾಗೇ ಬಂದಿರ್ತೈತೆ," ಎಂದರು.

ಅತ್ತಿಗೆಯ ತವರು ಆಂಧ್ರದ ಕಡೆ. ಆಕೆ ಅಣ್ಣನ ಕಿವಿಯಲ್ಲಿ, "ಚೇಪಲು ಲೇವಾ?" ಎಂದಳು, ಮೀನಿಲ್ವಾ ಎಂದು. ಅಣ್ಣ ಗಾಬರಿಯಾಗಿ ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದ. ಮಕ್ಕಳಾಗದ ಮನೆಯಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟಳು ಎಂಬಂತಿತ್ತು ಅವನ ಮುಖ.

ಆ ಮುಖವೇ ಇವರನ್ನು ಕೆಡಿಸಿತು. ಇನ್ನೊಂದಷ್ಟು ದಿನ ಕಾಯಬೇಕಿದ್ದವರು ಮಾರನೆಯ ದಿನವೇ ಅಂಗಡಿಗೆ ಹೋದರು. ನೀರು ಇನ್ನೂ ಹದಕ್ಕೆ ಬಂದಿಲ್ಲ, ಒಂದೆರಡು ಕೊಡಿ ಸಾಕು ಎಂದರಂತೆ. ಅಂಗಡಿಯವನು, "ಕುಚ್ ನೈ ಹೋತಾ ಸಾಬ್, ಏನೂ ಆಗಲ್ಲ, ಜೋಡಿ ಜೋಡಿ ಇದ್ರೆ ಚೆನ್ನಾಗಿರ್ತವೆ," ಎಂದು ಚೀಲದ ತುಂಬ ಕೆಂಪು, ಬಿಳಿ, ಕಪ್ಪು ಗೋಲ್ಡ್ ಫಿಶ್ ತುಂಬಿ ಕೊಟ್ಟ. ಇವರು ಅಷ್ಟಕ್ಕೂ ದುಡ್ಡು ಕೊಟ್ಟು ತಂದರು.

ಮೊದಲ ವಾರ ಹಬ್ಬದ ಹಾಗಿತ್ತು. ಇವರು ಊಟದ ತಟ್ಟೆ ಹಿಡಿದು ತೊಟ್ಟಿಯ ಮುಂದೆಯೇ ಕೂರುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಮೆಲ್ಲಗೆ ಕರೆದರು.

"ಬಾರಮ್ಮ ಇಲ್ಲಿ. ಆ ಕೆಂಪನೇದು ಕಲ್ಲಿಗೆ ಮೈ ಉಜ್ಕಂತೈತೆ ನೋಡು. ಮೈ ತುಂಬ ಬಿಳೀ ಗುಳ್ಳೆ."

"ನೀವು ನೋಡಲ್ಲ ಅಂದಿದ್ರಲ್ಲ ಅತ್ತೆ?"

"ಕಣ್ಣಿಗೆ ಬಿತ್ತು. ಅದಿರ್ಲಿ, ಅದಕ್ಕೆ ಅಮ್ಮ ಆಗೈತೆ."

ನಿಜಕ್ಕೂ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಇವರು ಮೊಬೈಲಿನಲ್ಲಿ ಹುಡುಕಿ, ಇದು ಬಿಳಿ ಚುಕ್ಕೆ ರೋಗ, ನೀರು ಕೆಟ್ಟು ಮೀನು ಸೊರಗಿದಾಗ ಅಂಟುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂದು ಓದಿ ಹೇಳಿದರು. "ಅದನ್ನೇ ನಾನೂ ಹೇಳಿದ್ದು," ಎಂದರು ಅತ್ತೆ.

ಅಮ್ಮ ಆದ ಮನೆಗೆ ಕಟ್ಟುಪಾಡುಗಳಿವೆ. ಅತ್ತೆ ಅವನ್ನೆಲ್ಲ ಅಂದೇ ಜಾರಿಗೆ ತಂದರು. ಒಗ್ಗರಣೆ ಇಲ್ಲ. ಕರಿಯುವುದಿಲ್ಲ, ಹುರಿಯುವುದಿಲ್ಲ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಹಜಾರಕ್ಕೆ ಬರುವಂತಿಲ್ಲ. ತೊಟ್ಟಿಯ ನೀರಿಗೆ ಬೇವಿನ ಸೊಪ್ಪು ಹಾಕಲು ಹೊರಟಾಗ ಇವರು ಅಡ್ಡ ನಿಂತರು. ತಾಯಿ ಮಗನಿಗೆ ಸಾಕಷ್ಟು ಮಾತಾಗಿ, ಕೊನೆಗೆ ಬೇವಿನ ಕೊಂಬೆ ತೊಟ್ಟಿಯ ಮುಚ್ಚಳದ ಮೇಲೆ ಮಾತ್ರ ಇರಬಹುದು ಎಂದು ಒಪ್ಪಂದವಾಯಿತು.

ಮನೆಯ ತುಂಬ ಎಣ್ಣೆಯ ಡಬ್ಬಿಗಳು, ತಟ್ಟೆಯಲ್ಲಿ ಮಾತ್ರ ಸಪ್ಪೆ ಬೇಳೆ ಮತ್ತು ಮೊಸರನ್ನ. ಊರಿಗೆಲ್ಲ ಎಣ್ಣೆ ಮಾರುವ ಮನುಷ್ಯ ಸಾಸಿವೆ ಚಟಪಟ ಎನ್ನುವ ಸದ್ದಿಗೆ ಪಕ್ಕದ ಮನೆಯ ಕಡೆ ಕಿವಿಗೊಟ್ಟು ಉಣ್ಣುತ್ತಿದ್ದರು.

"ಅವ್ವ, ಕಾಯಿಲೆ ಮೀನಿಗೆ. ನನಗೆ ಯಾಕೆ ಈ ಪಥ್ಯ?"

"ತಂದೋನು ಯಾರು?"

ಇವರು ಮಜ್ಜಿಗೆ ಬಡಿಸಿಕೊಂಡರು.

ಚಿಕಿತ್ಸೆಯೇನೋ ಇವರು ಶ್ರದ್ಧೆಯಿಂದಲೇ ಮಾಡಿದರು. ನಲ್ಲಿ ನೀರನ್ನು ಡ್ರಮ್ಮಿನಲ್ಲಿ ತೆರೆದಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕುವರು. ದಿನಾ ತೊಟ್ಟಿಯ ಒಂದು ಪಾಲು ನೀರು ತೆಗೆದು, ಅಷ್ಟೇ ಹೊಸ ನೀರು ಹಾಕುವರು. ನೀಲಿ ಬಣ್ಣದ ಔಷಧಿ ಬಿಡುವರು. ತೆಗೆದ ನೀಲಿ ನೀರನ್ನು ಅತ್ತೆ ತಮ್ಮ ಮಲ್ಲಿಗೆ ಬಳ್ಳಿಗೆ ಹಾಕಗೊಡಲಿಲ್ಲ. "ಹೂವು ನೀಲಿ ಆದ್ರೆ ದೇವ್ರಿಗೆ ಏನಂತ ಹೇಳ್ಲಿ?"

ಆ ಕೆಂಪು ಮೀನು ಉಳಿಯಲಿಲ್ಲ. ಅದರ ಹಿಂದೆ ಇನ್ನೂ ಕೆಲವು ಹೋದವು. ಮೊದಲನೆಯದನ್ನು ಇವರು ಬಚ್ಚಲಿಗೆ ಹಾಕಲು ಹೊರಟಾಗ ಅತ್ತೆ ಕೈ ಹಿಡಿದು ನಿಲ್ಲಿಸಿದರು. ಹಿತ್ತಲಲ್ಲಿ ಕರಿಬೇವಿನ ಬುಡದಲ್ಲಿ ಗುಂಡಿ ತೋಡಿಸಿ, ಒಂದು ಚಿಟಿಕೆ ವಿಭೂತಿ ಹಾಕಿ ಮುಚ್ಚಿಸಿದರು. ಇವರು ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. "ಆತುರ ಮಾಡ್ಬಿಟ್ಟೆ ಅವ್ವ," ಎಂದರು. ಅತ್ತೆ ಮಗನ ಬೆನ್ನಿನ ಮೇಲೆ ಕೈಯಿಟ್ಟರು. ನಾನು ಅಡುಗೆಮನೆಯ ಕಿಟಕಿಯಿಂದ ಪಕ್ಕಕ್ಕೆ ಸರಿದೆ.

ಉಳಿದವುಗಳ ಮೈ ನಿಧಾನವಾಗಿ ತಿಳಿಯಾಯಿತು. ಬೆಳಿಗ್ಗೆ ಗಾಜಿನ ಹತ್ತಿರ ಹೋದರೆ ಬಾಯಿ ತೆರೆದು ಮೇಲೆ ಬರತೊಡಗಿದವು. ಚುಕ್ಕೆಯೆಲ್ಲ ಹೋದರೂ ಇವರು ಔಷಧಿಯನ್ನು ಇನ್ನಷ್ಟು ದಿನ ಮುಂದುವರಿಸಿದರು. ಅತ್ತೆಯೂ ಅದೇ ನ್ಯಾಯದಿಂದ ಸಪ್ಪೆ ಊಟವನ್ನು ಮುಂದುವರಿಸಿದರು.

ಕೊನೆಗೆ ಒಂದು ಮಂಗಳವಾರ ಅತ್ತೆ, "ಇವತ್ತು ಅವಕ್ಕೆ ನೀರು ಹಾಕ್ಬೇಕು," ಎಂದರು. ಅಮ್ಮ ಇಳಿದ ಮೇಲೆ ಬೇವಿನ ನೀರು ಎರೆಯುವುದು ನಮ್ಮಲ್ಲಿ ಪದ್ಧತಿ.

"ನೀರಾಗೇ ಅದಾವಲ್ಲವ್ವ," ಎಂದರು ಇವರು.

ಅತ್ತೆಗೂ ಅದು ತೊಡಕೆನಿಸಿತು. ಕೊನೆಗೆ ಬೇವಿನ ನೀರನ್ನು ಮಗನ ತಲೆಯ ಮೇಲೆ ಸುರಿದರು. ಅಮ್ಮನ ಗುಡಿಗೆ ಮೊಸರನ್ನದ ಎಡೆ ಹೋಯಿತು. ಅಂದು ಮಧ್ಯಾಹ್ನ ನಾನು ಮೆಣಸಿನಕಾಯಿ ಬೋಂಡ ಕರಿದೆ. ಇವರು ಎಷ್ಟು ತಿಂದರೆಂದು ಡಾಕ್ಟರಿಗೆ ಹೇಳಲಿಲ್ಲ.

ಈಗ ಹೊಸ ಮೀನು ತಂದರೆ ಮೊದಲು ಬೇರೆ ಬಕೆಟ್ಟಿನಲ್ಲಿಟ್ಟು ಕೆಲವು ವಾರ ನೋಡಿಯೇ ತೊಟ್ಟಿಗೆ ಬಿಡುವುದು. ಬೇಸಿಗೆಯಲ್ಲಿ ಕರೆಂಟು ಹೋದರೆ ಗಾಳಿಯ ಮೋಟಾರು ನಿಲ್ಲುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆಗ ಅತ್ತೆ ಸ್ಟೂಲ್ ಎಳೆದುಕೊಂಡು, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಮೊಗೆದು, ಗಾಳಿ ಬೆರೆಯಲೆಂದು ಎತ್ತರದಿಂದ ಸುರಿಯುತ್ತಾರೆ. ಮೊನ್ನೆ ಹಾಗೆ ಸುರಿಯುತ್ತಿರುವಾಗ ಮಠದ ಕಡೆಯ ಹೆಂಗಸೊಬ್ಬರು ಬಂದು, "ಏನ್ರಿ ಇದು, ಅಭಿಷೇಕನಾ?" ಎಂದು ಕೇಳಿದರು.

"ಹೂಂ ಕಣ್ರಿ. ಕರೆಂಟು ಬರೋವರ್ಗೂ," ಎಂದು ಅತ್ತೆ ಇನ್ನೊಂದು ಚೊಂಬು ಎತ್ತಿದರು.