ಅತ್ತಿಗೆಯ ಎಡಪಾದ

ನಮ್ಮ ಯಜಮಾನರ ಅಕ್ಕ ಬ್ಯಾಲೆ ಕುಣಿದವರು. ಹದಿನಾರಕ್ಕೇ ನೃತ್ಯತಂಡವೊಂದನ್ನು ಸೇರಿ, ಇಪ್ಪತ್ತು ವರ್ಷ ನವಿಲಿನ ಪಾತ್ರ ಮಾಡಿ, ವಿದೇಶಕ್ಕೂ ಹೋಗಿಬಂದಿದ್ದರು. ಪೇಪರಿನಲ್ಲಿ ಫೋಟೋ ಬರುತ್ತಿತ್ತು. ತಂಡ ಒಡೆದು, ಪಾಠ ಹೇಳಿಸಿಕೊಳ್ಳುವ ಮಕ್ಕಳೂ ಇಲ್ಲದಾದ ಮೇಲೆ, ತೊಂಬತ್ತರ ದಶಕದ ಕೊನೆಗೆ ಕಳಸದ ಹತ್ತಿರದ ನಮ್ಮ ಮನೆಗೆ ಬಂದರು.

ಅವರ ತಾಯಿ, ಎಂದರೆ ನನ್ನ ಅತ್ತೆ, ಛೇಡಿಸುತ್ತಿದ್ದರು. "ಬ್ಯಾಲೆಯಂತೆ, ಬ್ಯಾಲೆ! ಒಂದು ದಿನ ಬೇಳೆ ಬೇಯ್ಸಿದ್ದು ಕಾಣೆ."

"ನೀನು ಕುಣಿಯೋದಾದ್ರೆ ಬೇಯ್ಸ್ತೀನಿ ಬಿಡಮ್ಮ," ಎನ್ನುತ್ತಿದ್ದರು ಅತ್ತಿಗೆ.

ಅತ್ತಿಗೆಗೆ ಸಕ್ಕರೆ ಕಾಯಿಲೆ. ಒಂದು ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ಅವರ ಒಂದು ಚಪ್ಪಲಿ ಬಿದ್ದಿತ್ತು. ಎತ್ತಿಕೊಂಡು ಬಂದರೆ, ಇನ್ನೊಂದನ್ನು ಮೆಟ್ಟಿಕೊಂಡೇ ಜಗಲಿಯಲ್ಲಿ ನಿಂತಿದ್ದಾರೆ. ಬರಿಗಾಲಿನಲ್ಲಿ ಗಾಜಿನ ಚೂರು, ರಕ್ತ.

"ಅತ್ತಿಗೆ, ಕಾಲು!"

ಬಗ್ಗಿ ನೋಡಿದರು. "ಗೊತ್ತೇ ಆಗ್ಲಿಲ್ಲ ಮಾರಾಯ್ತಿ. ನೆಲ ಸಿಗ್ತಾ ಇಲ್ಲ ನಂಗೆ."

ಗಾಯ ಮಾಯಲಿಲ್ಲ. ದಿನವೂ ತೊಳೆದು ಬಟ್ಟೆ ಕಟ್ಟಿದೆ. ಕಾಲು ಉಳಿಸು, ಬೆಳ್ಳಿಯ ಪಾದ ಒಪ್ಪಿಸುತ್ತೇನೆ ಎಂದು ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತೆ. ಬೆರಳುಗಳು ಕಪ್ಪಾದವು. ಚಿಕ್ಕಮಗಳೂರಿನ ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದರು.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಅತ್ತಿಗೆ, "ಅಂಗಾಲು ಒಂಚೂರು ಒತ್ತೇ," ಎಂದರು. ಒತ್ತಿದೆ.

"ಒತ್ತಿದ್ಯಾ?"

"ಒತ್ತುತಾ ಇದೀನಿ ಅತ್ತಿಗೆ."

"ಸುಳ್ಳು ಹೇಳ್ಬೇಡ."

ನನ್ನ ಎರಡೂ ಕೈ ಅಲ್ಲೇ ಇದ್ದವು.

ಕಾಲು ಹೋಯಿತು. ಅತ್ತೆ ಮತ್ತೆ ಬೇಳೆಯ ಮಾತೆತ್ತಲಿಲ್ಲ. ಜೀವ ಉಳಿಯಿತು, ಬಲಗಾಲು ಉಳಿಯಿತು ಎಂದು ಲೆಕ್ಕ ಹಾಕಿಕೊಂಡು ಬೆಳ್ಳಿಯ ಪಾದವನ್ನು ಒಪ್ಪಿಸಿಬಂದೆ. ಅಮ್ಮನ ಮುಖ ನೋಡಲು ಮಾತ್ರ ಆಗಲಿಲ್ಲ. ಅತ್ತಿಗೆಯೂ ಗೋಡೆಯ ಕಡೆಗೆ ತಿರುಗಿ ಮಲಗಿದವರು, ಯಾರು ಕರೆದರೂ ಈ ಕಡೆ ನೋಡುತ್ತಿರಲಿಲ್ಲ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರೇ ಕೂಗಿದರು.

"ಎಡ ಪಾದ ನೋಯ್ತಾ ಇದೆ ಕಣೇ. ಸುಟ್ಟ ಹಾಗೆ. ಒತ್ತು."

ಹೊದಿಕೆ ಅಲ್ಲಿ ಚಪ್ಪಟೆಯಾಗಿ ಹಾಸಿಗೆಗೆ ಅಂಟಿತ್ತು. ಪಾದ ಇರಬೇಕಾಗಿದ್ದ ಕಡೆ ಕೈಯಿಟ್ಟು, ದೇವರೇ ಎನ್ನುತ್ತ ಹಾಸಿಗೆಯನ್ನೇ ಒತ್ತಿದೆ.

"ಹಾಂ," ಎಂದರು ಅತ್ತಿಗೆ, ಕಣ್ಣು ಮುಚ್ಚಿಕೊಂಡು. "ಅಲ್ಲೇ. ಈಗ ಗೊತ್ತಾಗ್ತಿದೆ."