ಒಗ್ಗರಣೆಯ ಹೊಗೆ ನೋಡಿ ಗೋಡೆ ಆರಿಸುವ ಬಾಳಪ್ಪ

ಬೆಳಗಿನ ಆರೂಕಾಲು. ಬಾಳಪ್ಪ ವ್ಯಾನಿನಿಂದ ಏಣಿ ಇಳಿಸುತ್ತಿದ್ದಾರೆ. ಅಂತ್ಯಕ್ರಿಯೆಗೆ ಬಂದಿದ್ದ ಬಂಧುಗಳೆಲ್ಲ ಹೊರಟುಹೋದ ಮೇಲೆ ನಮ್ಮ ಮನೆಗೆ ಇದು ಮೊದಲ ಮಾಮೂಲಿ ಸೋಮವಾರ. ಕಸದ ಬಿನ್ ಹೊರಗಿಡಬೇಕು, ಮಗಳ ಲಂಚ್ ಬಾಕ್ಸ್ ತುಂಬಬೇಕು. ಇವರು ಬರುವ ದಿನವೆಂಬುದು ನನಗೆ ಮರೆತೇಹೋಗಿತ್ತು. ಬುಕ್ ಮಾಡಿದ್ದು ನನ್ನ ಗಂಡ ಗೌರೀಶ, ಹೃದಯಾಘಾತದಿಂದ ತೀರಿಕೊಳ್ಳುವ ಎರಡು ವಾರ ಮೊದಲು.

"ಮುಂದ ಹಾಕು ಅಂದ್ರ ಹಾಕ್ತೀನಿ ತಂಗಿ," ಬಾಗಿಲಲ್ಲೇ ನಿಂತು ಬಾಳಪ್ಪ ಹೇಳುತ್ತಾರೆ. "ಖರೆ, ಹುಡುಗಿ ಕೆಮ್ಮು ಮುಂದ ಹೋಗಂಗಿಲ್ಲ."

ಒಳಗೆ ಆರು ವರ್ಷದ ಆದ್ಯಾ ಕೆಮ್ಮುತ್ತಿದ್ದಾಳೆ. ಮೆಲ್ಬರ್ನ್‌ನ ಹಳೆಯ ಸಬರ್ಬ್ ಒಂದರಲ್ಲಿರುವ ನಮ್ಮ ಇಟ್ಟಿಗೆ ಮನೆಗೆ ಇರುವುದು ಐವತ್ತು ವರ್ಷದ ಆಯಿಲ್ ಹೀಟರ್. ಹಿತ್ತಲಿನ ಟ್ಯಾಂಕಿನ ಎಣ್ಣೆ ಕುಡಿದು ಉರಿಯುತ್ತದೆ. ಹಚ್ಚಿದರೆ ವಾಸನೆಗೆ ಕೆಮ್ಮು, ಆರಿಸಿದರೆ ಚಳಿಗೆ ಕೆಮ್ಮು. ಚಳಿಗಾಲಕ್ಕೆ ಮುಂಚೆ ತೆಗೆಸಿಬಿಡಿ ಎಂದು ಡಾಕ್ಟರು ಹೇಳಿಯಾಗಿದೆ. ಅದರ ಬದಲಿಗೆ ಬಾಳಪ್ಪ ತಂದಿರುವುದು ಹೀಟ್ ಪಂಪ್.

"ಫ್ರಿಜ್ ಹಿಂದ ಕೈ ಇಟ್ರ ಬೆಚ್ಚಗ ಹತ್ತತದಲ್ಲ, ಅದ ಇದು," ಎನ್ನುತ್ತಾರೆ. "ಹೊರಗಿನ ಗಾಳ್ಯಾಗಿನ ಕಾವು ಹೆಕ್ಕಿ ಒಳಗ ತರ್ತದ. ಬೆಂಕಿ ಇಲ್ಲ, ಹೊಗಿ ಇಲ್ಲ."

ನಲವತ್ತೆಂಟರ ಬಾಳಪ್ಪ ಬೆಳಗಾವಿಯಲ್ಲಿ ಫ್ರಿಜ್ ರಿಪೇರಿ ಕಲಿತವರು. ಸಿಡ್ನಿಗೆ ಬಂದ ಹೊಸತರಲ್ಲಿ ಎಪ್ಪಿಂಗ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಐವರೊಂದಿಗೆ ವಾಸ. ನಾರ್ತ್ ಸಿಡ್ನಿಯ ಆಫೀಸುಗಳಲ್ಲಿ ಏಸಿ ಫಿಲ್ಟರ್ ತೊಳೆಯುವ ಕೆಲಸ. ಹದಿನೈದು ವರ್ಷ ಮಾಡಿದ್ದ ಕಸುಬನ್ನೇ ಇಲ್ಲಿನ ಲೈಸೆನ್ಸ್‌ಗಾಗಿ ಮೊದಲಿನಿಂದ ಕಲಿತರು. ಈಗ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಮನೆ, ಸ್ವಂತ ವ್ಯಾನು. ಏಳುವುದು ನಾಲ್ಕೂವರೆಗೆ, ದಿನಕ್ಕೊಂದು ಮನೆ. ಒಂಬತ್ತು ವರ್ಷದಲ್ಲಿ ಸಾವಿರದ ಎಂಟುನೂರು ದಾಟಿದೆ. ಪೈಪ್ ಎಳೆಯಲು ಬೇಸಿಗೆಯಲ್ಲಿ ಕಾದ ಹೆಂಚಿನ ಕೆಳಗೆ ತೆವಳಿ ತೆವಳಿ ಮೊಣಕಾಲು ಸವೆದಿವೆ. ಆಯಿಲ್ ಹೀಟರ್ ಬಿಚ್ಚುತ್ತಿರುವುದು ಮಾತ್ರ ಇದು ಹದಿನಾಲ್ಕನೆಯದು.

ಬೇರೆಯವರು ಗೋಡೆ ಅಳೆದು ಯಂತ್ರ ಕೂರಿಸುತ್ತಾರೆ. ನಮ್ಮವರ ಮನೆಗಳಲ್ಲಿ ಬಾಳಪ್ಪ ಮೊದಲು ಹೋಗುವುದು ಅಡುಗೆಮನೆಗೆ. ಇದು ತಮ್ಮದೇ ತಪ್ಪಿನಿಂದ ಕಲಿತ ಪಾಠ. ಹುಬ್ಬಳ್ಳಿಯವರೊಬ್ಬರ ಮನೆಯಲ್ಲಿ ಒಲೆಯ ಎದುರಿಗೇ ಕೂರಿಸಿದ್ದ ಯಂತ್ರ ನಾಲ್ಕೇ ತಿಂಗಳಲ್ಲಿ ಒಗ್ಗರಣೆಯ ಜಿಡ್ಡು ಹಿಡಿದು ನಿಂತಿತ್ತು. ಸೋಫಾಗೂ ಇಂಗಿನ ವಾಸನೆ. ತಾವೇ ಹೋಗಿ ಕಿತ್ತು ಬೇರೆ ಗೋಡೆಗೆ ಹಾಕಿಕೊಟ್ಟರು.

ನಮ್ಮ ಹಾಲ್‌ನಲ್ಲಿ ಯಂತ್ರಕ್ಕೆಂದು ಗೌರೀಶ ಪೆನ್ಸಿಲಿನಿಂದ ಬರೆದಿಟ್ಟ ಚೌಕವನ್ನು ನೋಡಿ ತಲೆ ಅಲ್ಲಾಡಿಸುತ್ತಾರೆ.

"ಅಳತಿ ಪಕ್ಕಾ, ಜಾಗಾ ತಪ್ಪು. ಒಗ್ಗರಣಿ ಹಾಕೋರ್ನ ಕೇಳೇ ಇಲ್ಲ ನೋಡು ಮಹಾರಾಯ! ತಂಗಿ, ಒಂದು ಒಗ್ಗರಣಿ ಹಾಕು, ಹೊಗಿ ಎತ್ತ ಹೋಗ್ತದ ನೋಡೂನು."

"ಅಣ್ಣಾ, ಎರಡು ವಾರದಿಂದ ಒಲೆ ಹಚ್ಚಿಲ್ಲ. ಫ್ರೆಂಡ್ಸ್ ತಂದುಕೊಟ್ಟ ಡಬ್ಬಿಗಳೇ ಇವೆ."

"ಡಬ್ಬಿಯಿಂದ ಹೊಗಿ ಬರಂಗಿಲ್ಲಲ್ಲ. ಮೆಣಸಿನಕಾಯಿ ಬ್ಯಾಡ, ಹುಡುಗಿ ಕೆಮ್ತಾಳ."

ಎಣ್ಣೆ ಕಾಯುತ್ತದೆ, ಸಾಸಿವೆ ಸಿಡಿಯುತ್ತದೆ. ಹೊಗೆ ನೇರವಾಗಿ ಗೌರೀಶನ ಚೌಕಕ್ಕೆ ಹೋಗಿ ಮುಟ್ಟುತ್ತದೆ. ಬಾಳಪ್ಪ ನಕ್ಕು ಪಕ್ಕದ ಗೋಡೆಗೆ ಗುರುತು ಹಾಕುತ್ತಾರೆ. ಒಗ್ಗರಣೆ ದಂಡವಾಗಬಾರದೆಂದು ಅವಲಕ್ಕಿ ಕಲಸುತ್ತೇನೆ.

"ಅಮ್ಮಾ, ಆರ್ ಯೂ ಕುಕಿಂಗ್?" ಆದ್ಯಾ ಓಡಿ ಬರುತ್ತಾಳೆ. ಎರಡು ಸಲ ಹಾಕಿಸಿಕೊಂಡು ತಿನ್ನುತ್ತಾಳೆ. ಬಾಳಪ್ಪ ಮೂರು ಸಲ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ವೈರಿಂಗ್ ಮುಗಿಸುತ್ತಾರೆ. ಮೂರು ಗಂಟೆಗೆ ಯಂತ್ರ ಶುರುವಾಗುತ್ತದೆ, ಸದ್ದು ಫ್ಯಾನಿನಷ್ಟು. ಶಾಲೆಯಿಂದ ಬಂದ ಆದ್ಯಾ ಜಾಕೆಟ್ ಬಿಚ್ಚಿ ನೆಲದ ಮೇಲೆ ಚಿತ್ರ ಬರೆಯುತ್ತಾಳೆ. ಒಂದು ಗಂಟೆಯಲ್ಲಿ ಎರಡೇ ಸಲ ಕೆಮ್ಮಿದ್ದಾಳೆ.

ವ್ಯಾನಿನ ಮೇಲೆ ಹೆಸರು ಕೂಡ ಬರೆಸಿಲ್ಲವಲ್ಲ ಎಂದು ಬಾಳಪ್ಪನವರನ್ನು ಕೇಳುತ್ತೇನೆ.

"ಯಾಕ ಬೇಕವಾ? ಮನಿ ಥಂಡಿ ಆದ್ರ ನನ್ನ ನೆನಸ್ತಾರ, ಬೆಚ್ಚಗಿದ್ರ ಮರೀತಾರ. ಮರೀಲಿ ಅಂತನ ದುಡೀತೀನಿ."

ಬುಕ್ ಮಾಡಿದಾಗ ಗೌರೀಶ ಬಾಳಪ್ಪನವರಿಂದ ಕೇಳಿ ತಂದಿದ್ದ ಥರ್ಮಾಮೀಟರ್ ಇನ್ನೂ ಹಾಲ್‌ನ ಕಿಟಕಿಯಲ್ಲಿದೆ. ದಿನಾ ಬೆಳಿಗ್ಗೆ ಮನೆಯೊಳಗೆ ಎಷ್ಟು ಡಿಗ್ರಿ ಎಂದು ನೋಡಿ ಚೌಕದ ಪಕ್ಕ ಬರೆಯುತ್ತಿದ್ದ: ಹನ್ನೆರಡು, ಹನ್ನೊಂದು, ಹನ್ನೊಂದು. ಅದರ ಕೆಳಗೆ ಇಪ್ಪತ್ತೊಂದು ಎಂದು ಬರೆದು, ಥರ್ಮಾಮೀಟರ್ ಒರೆಸಿ ಬಾಳಪ್ಪನವರ ಕೈಗೆ ಕೊಡುತ್ತೇನೆ.

"ಛಲೋ ಆತು," ಅವರು ಅದನ್ನು ಅಂಗಿ ಜೇಬಿಗೆ ಇಳಿಬಿಡುತ್ತಾರೆ. "ನಾಳಿನ ಮನಿಗೆ ಬೇಕಾಗಿತ್ತು."